ಮೊರ್ವೆಲ್‌ಹ್ಯಾಮ್ ದಕ್ಕೆಯ ಹಂಚಿನ ನೆಲ

ದಕ್ಕೆಯೆಂದರೇನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಣವರು, ಹಡಗು ತಾಗಿ ನಿಂತು ಸರಕು ಏರಿಳಿಯುವ ಕಟ್ಟೆಯೆಂದು ತಿಳಿಯಬೇಕು. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಟೇಮರ್ ನದಿಯ ದಡದಲ್ಲಿ ಮೊರ್ವೆಲ್‌ಹ್ಯಾಮ್ ಎಂಬ ಹಳೇ ದಕ್ಕೆಯುಂಟು. ಅದು ಸಮುದ್ರದಿಂದ 20 ಮೈಲಿಗೂ ಹೆಚ್ಚು ಒಳಗಿದ್ದರೂ ಭರತದ ನೀರು ಅಲ್ಲಿಯ ವರೆಗೆ ಏರುವದರಿಂದ ಹಡಗುಗಳು ಬರುತ್ತಿದ್ದವು.

ಅಲ್ಲಿ ಉಳಿದಿರುವ ವಸ್ತುಗಳಲ್ಲಿ ನಾವು ಮೊದಲು ನೆಲವನ್ನೇ ನೋಡುವ. ದಡದ ನೆಲಕ್ಕೆ ಹಂಚು ಹಾಸಲ್ಪಟ್ಟಿದೆ. ಅಂದಕ್ಕಾಗಿ ಹಾಸಿದ್ದಲ್ಲ, ತಾಮ್ರದ ಅದುರನ್ನು ರಾಶಿ ಹಾಕಿದಾಗ ಮಣ್ಣು ಬೆರೆತು ಕ್ರಯ ಇಳಿಯಬಾರದೆಂದೇ. ಕರಗಿಸುವದಕ್ಕೆ ಕಲ್ಲಿದ್ದಲು ಬಹಳ ಬೇಕಾದದರಿಂದ ಅದುರನ್ನು ಕಲ್ಲಿದ್ದಲಿರುವ ವೇಲ್ಸ್ ಸೀಮೆಯ ಸ್ವಾನ್ಸೀ ಪಟ್ಟಣಕ್ಕೆ ಹಡಗಿನಲ್ಲಿ ಒಯ್ಯುತ್ತಿದ್ದರು.

1817ರಲ್ಲಿ ಟಾವಿಸ್ಟಾಕ್ ಪಟ್ಟಣದಿಂದ ಕಾಲುವೆಯೊಂದು ಗುಡ್ಡದ ಒಳಗೆ ಸುರಂಗವಾಗಿ ಬಂದು ದಕ್ಕೆಗೆ ಮೇಲಾಗಿ ಮುಗಿಯಿತು. ಅಲ್ಲಿಂದ ಬಂಡಿಗಳನ್ನು ಇಳಿಜಾರಿನ ಹಳಿಯ ಮೇಲೆ ನೀರಿನ ಚಕ್ರದ ಬಲದಿಂದ ಇಳಿಸಿ ಏರಿಸುತ್ತಿದ್ದರು. 1844ರಲ್ಲಿ ಸಮೀಪದ ಕಾಡಿನಲ್ಲಿ ದೊಡ್ಡ ತಾಮ್ರದ ಗಣಿ ಸಿಕ್ಕಿತು. ಒಂದು ಪೌಂಡಿನ ಪಾಲು ಸ್ವಲ್ಪ ಕಾಲದಲ್ಲೇ 800 ಪೌಂಡಿಗೆ ಏರಿತು! ಅದುರು ಹೆಚ್ಚಲಾಗಿ 1850ರ ದಶಕದಲ್ಲಿ ದೊಡ್ಡ ಹಡಗುಗಳಿಗೋಸ್ಕರ ಹೊಸ ಕೊಳವನ್ನು ತೋಡಿದರು.

ಪಾಲುಗಾರರ ಲೆಕ್ಕವು ಹೀಗಿರಲಾಗಿ, ಕೆಲಸದವರ ಲೆಕ್ಕವೇನು? ಆ ಸೀಮೆಯ ಗಣಿಗಳಲ್ಲಿ ಹೆಂಗಸರೂ ಚಿಕ್ಕ ಹುಡುಗಿಯರೂ ಬಯಲಲ್ಲಿ ಸುತ್ತಿಗೆ ಹಿಡಿದು ಅದುರು ಒಡೆಯುತ್ತಿದ್ದರು. ತಾಮ್ರ ಕಡಿಮೆಯಾದ ಮೇಲೆ ಅದೇ ಗಣಿಯಿಂದ ಪಾಷಾಣ ತೆಗೆದರು. ಅದರ ಧೂಳು ಮೈಗೆ ತಾಗದಂತೆ ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚರ್ಮಕ್ಕೆ ಜೇಡಿಮಣ್ಣು ಬಳಿದುಕೊಳ್ಳುವದಿತ್ತು. ಅದುರಿಗೆ ಹಂಚು, ಆಳಿಗೆ ಜೇಡಿಮಣ್ಣು! ಇದನ್ನು ಓದಿದಾಗ ನಮಗೆ ಆ ಹಂಚಿನ ನೆಲವು ಮೊದಲಿನಷ್ಟು ಚಂದವಾಗಿ ಕಾಣಲಿಲ್ಲ.

1859ರಲ್ಲಿ ಟಾವಿಸ್ಟಾಕಿಗೆ ರೈಲು ಬಂದ ಮೇಲೆ ಕಾಲುವೆಯ ಸರಕು ತಗ್ಗಿತು. 1901ರಲ್ಲಿ ಗಣಿಯ ಕಂಪೆನಿಯೂ ನಿಂತಿತು. ಕೊಳದಲ್ಲಿ ಹೂಳು ತುಂಬಿತು. 1970ರಲ್ಲಿ ಆ ಸ್ಥಳವು ವಸ್ತುಸಂಗ್ರಹಾಲಯವಾಯಿತು. ಬಳಿಕ ಹೂಳನ್ನು ತೆಗೆಯಲಾಯಿತು. 2006ರಲ್ಲಿ ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನಿನ ಗಣಿಸೀಮೆಯ ಭಾಗವಾಗಿ ಅದು ಲೋಕಪರಂಪರೆಯ ಪಟ್ಟಿಗೆ ಸೇರಿತು.