ಗೋಡೆಯ ಬಣ್ಣ ಮತ್ತು ಬಾಡಿಗೆಯ ಕರಾರು

ಮನೆಯನ್ನು ಬಾಡಿಗೆಗೆ ಹಿಡಿಯುವವನು ಸೋರುವ ಸೂರನ್ನು ಕಾಣಬಲ್ಲನು. ಗೋಡೆಯ ಬಣ್ಣದಲ್ಲಿ ಅಡಗಿರುವ ಸೀಸವನ್ನು ಕಾಣಲಾರನು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಿಂದೆ ಬಣ್ಣವು ಬಹುಕಾಲ ಬಾಳಲೆಂದು ಅದಕ್ಕೆ ಸೀಸವನ್ನು ಬೆರೆಸುತ್ತಿದ್ದರು. 1978ರಲ್ಲಿ ಮನೆಗಳಿಗೆ ಅಂತಹ ಬಣ್ಣ ಬಳಿಯುವುದು ನಿಷಿದ್ಧವಾಯಿತು. ಆದರೆ ಹಳೆಯ ಗೋಡೆಗಳು ಹಾಗೆಯೇ ಉಳಿದವು. ಕಿಟಕಿಯನ್ನು ತೆರೆದು ಮುಚ್ಚುವಾಗಲೆಲ್ಲ ಬಣ್ಣ ಸವೆದು ಧೂಳಾಗುತ್ತದೆ. ಆ ಧೂಳು ಅಂಬೆಗಾಲಿಡುವ ಕೂಸಿನ ಕೈಗೆ, ಕೈಯಿಂದ ಬಾಯಿಗೆ ಸೇರಿ, ಎಳೆಯ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಹೀಗಾದ ಹಾನಿಯನ್ನು ಅಳಿಸಬಲ್ಲ ಔಷಧವಿಲ್ಲ.

ಇದನ್ನು ಮನಗಂಡು ಅಲ್ಲಿನ ಶಾಸನಸಭೆಯು 1992ರಲ್ಲಿ ಕಾಯಿದೆಯೊಂದನ್ನು ರಚಿಸಿತು. ಅದರಂತೆ, 1978ಕ್ಕೆ ಮೊದಲು ಕಟ್ಟಿದ ಬಹುಪಾಲು ಮನೆಗಳ ಒಡೆಯರು, ಕರಾರಿಗೆ ಸಹಿ ಬೀಳುವ ಮುನ್ನವೇ, ಸೀಸದ ಬಣ್ಣದ ಬಗೆಗೆ ತಾವು ಬಲ್ಲುದನ್ನು ತಿಳಿಸಬೇಕು. ತಮ್ಮಲ್ಲಿರುವ ಪರೀಕ್ಷೆಯ ವರದಿಗಳನ್ನೂ, ಸರ್ಕಾರವು ಒಪ್ಪಿದ ಕಿರುಹೊತ್ತಗೆಯೊಂದನ್ನೂ ಕೊಡಬೇಕು. ಇವು ಕೈಸೇರಿದುವೆಂದು ಬಾಡಿಗೆದಾರನು ಸಹಿ ಮಾಡಿದ ಪತ್ರವನ್ನು ಮೂರು ವರ್ಷ ಕಾಪಾಡಬೇಕು.

ಒಂದು ಮಾತನ್ನು ನೀವು ಗಮನಿಸಬೇಕು. ಒಡೆಯನು ತಾನು ಬಲ್ಲುದನ್ನು ಮಾತ್ರ ಹೇಳಿದರೆ ಸಾಕು. ಗೋಡೆಯನ್ನು ಪರೀಕ್ಷಿಸಲೇಬೇಕೆಂದು ಈ ಕಾಯಿದೆ ವಿಧಿಸುವುದಿಲ್ಲ. ಎಂದೂ ಪರೀಕ್ಷೆ ಮಾಡಿಸದವನು “ನನಗೆ ತಿಳಿಯದು” ಎಂದು ಬರೆದರೆ ಅದು ಸುಳ್ಳಾಗದು. ಕೂಸಿಗೆ ಮಾತ್ರ ಇದರಿಂದ ರಕ್ಷಣೆಯಿಲ್ಲ. ಈ ಕೊರತೆಯನ್ನು ಕೆಲವು ರಾಜ್ಯಗಳು ತಾವೇ ನೀಗಿಸಿಕೊಂಡಿವೆ. ಮೇರಿಲ್ಯಾಂಡ್ ರಾಜ್ಯದಲ್ಲಿ ಅಂತಹ ಹಳೆಯ ಮನೆಯನ್ನು ಹೊಸ ಬಾಡಿಗೆದಾರನಿಗೆ ಕೊಡುವ ಮುನ್ನ ತಪಾಸಣೆ ಮಾಡಿಸುವುದು ಕಡ್ಡಾಯ.