ಅಂಗಳದ ಬಿರುಕು

ಅಂಗಳದಲ್ಲಿ ಬಿರುಕು ಕಂಡರೆ ಮಣ್ಣು ತುಂಬಬೇಡಿ, ಮನೆ ಬಿಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ನಮ್ಮ ಕಾಫಿ ಕಣದ ಅಂಚು ಬಿರುಕು ಬಿಟ್ಟಾಗ ನಾನು ಎರಡು ಬುಟ್ಟಿ ಮಣ್ಣು ಸುರಿದು, ಗುದ್ದಲಿಯಲ್ಲಿ ಬಡಿದು ಒಳಗೆ ಬಂದಿದ್ದೆ. ತೋಟದ ಲೈನ್‌ಮನೆಯ ಕಾರ್ಮಿಕರು ಗಂಟುಮೂಟೆ ಹೊತ್ತು ಮಾದಾಪುರದ ಕಡೆ ಹೊರಟಾಗ, ‘ಅಪ್ಪ ಕಟ್ಟಿದ ಮನೆ, ಎಲ್ಲಿಗೂ ಹೋಗೋದಿಲ್ಲ’ ಎಂದವನೂ ನಾನೇ.

16ರ ರಾತ್ರಿ ಮೇಲಿನ ಗುಡ್ಡದ ಬರೆ ಜರಿಯಿತು. ಬೆಳಗ್ಗೆ ನೋಡಿದರೆ ಗದ್ದೆಯೂ ಇಲ್ಲ, ರಸ್ತೆಯೂ ಇಲ್ಲ. ಸೊಂಟ ಮುರಿದುಕೊಂಡ ಅವ್ವ ತಿಂಗಳಿಂದ ಮಂಚದ ಮೇಲಿದ್ದರು. ಫೋನ್ ಒಮ್ಮೆ ಸಿಕ್ಕಾಗ ಅಧಿಕಾರಿಯೊಬ್ಬರು, ‘ಮುಖ್ಯರಸ್ತೆಗೆ ಬನ್ನಿ, ಜೀಪು ಕಳಿಸ್ತೇವೆ’ ಎಂದರು. ಮುಖ್ಯರಸ್ತೆ ಎಲ್ಲಿದೆಯೆಂದು ಅವರು ಕೇಳಲೇ ಇಲ್ಲ. ಆ ಸಿಟ್ಟು ನನಗಿನ್ನೂ ಆರಿಲ್ಲ.

ಮರುದಿನ ಸೈನಿಕರು ಬಂದರು, ಡೋಗ್ರಾ ರೆಜಿಮೆಂಟಿನವರು. ಮಂಜು ಕವಿದು ಹೆಲಿಕಾಪ್ಟರ್ ಇಳಿಯುವ ಹಾಗಿರಲಿಲ್ಲ. ಅವರು ಕಾಡು ಹಾದಿಯಲ್ಲಿ ನಡೆದೇ ಬಂದಿದ್ದರು. ಎರಡು ಬಿದಿರಿಗೆ ಕಾಫಿ ಚೀಲ ಬಿಗಿದು ಅವ್ವನನ್ನು ಮಲಗಿಸಿದರು. ಈಚೆಯ ಸಿಲ್ವರ್ ಮರದಿಂದ ಆಚೆಯ ಬಂಡೆಗೆ ಹಗ್ಗ ಕಟ್ಟಿದರು. ನಡುವೆ ಮೊನ್ನೆಯವರೆಗೆ ನಮ್ಮ ಗದ್ದೆಯಾಗಿದ್ದ ಕೆಸರು, ತೊಡೆಮಟ್ಟ. ನಾಲ್ವರು ಹೊತ್ತರು. ನಾನು ಹಿಂದೆ, ಹಗ್ಗ ಹಿಡಿದು.

ಅರ್ಧ ದಾಟಿದ್ದೆವು. ಮೇಲಿನಿಂದ ಗುಡುಗಿನಂಥ ಸದ್ದು, ಆದರೆ ಅದು ನಿಲ್ಲಲಿಲ್ಲ. ಕಲ್ಲುಗಳು ಉರುಳತೊಡಗಿದವು. ನಾನು ಹಗ್ಗ ಬಿಟ್ಟು ಹಿಂದಕ್ಕೆ ತಿರುಗಿದೆ. ಹೌದು, ಹೆತ್ತವಳನ್ನು ಅಲ್ಲೇ ಬಿಟ್ಟು ತಿರುಗಿದೆ. ಹೊತ್ತ ನಾಲ್ವರಲ್ಲಿ ಒಬ್ಬನೂ ಬಿದಿರು ಕೈಬಿಡಲಿಲ್ಲ. ಮುಂದಿದ್ದ ಹುಡುಗನೊಬ್ಬ, ನನ್ನ ಮಗನ ವಯಸ್ಸಿನವನು, ಅವ್ವನ ಮುಖದ ಮೇಲೆ ಬೆನ್ನು ಬಾಗಿಸಿ ಹಾಗೇ ನಿಂತ. ಕಲ್ಲೊಂದು ಅವನ ಭುಜಕ್ಕೆ ಬಡಿದದ್ದನ್ನು ಕಣ್ಣಾರೆ ಕಂಡೆ. ಕೆಸರಿನ ಅಲೆ ನಮ್ಮಿಂದ ಹತ್ತು ಮಾರು ಆಚೆ ಹರಿದುಹೋಯಿತು. ಅವನು ನನ್ನತ್ತ ನೋಡಿ ಹಿಂದಿಯಲ್ಲಿ, ‘ಹಗ್ಗ ಹಿಡಿಯಿರಿ’ ಎಂದ, ಅಷ್ಟೇ. ದಡ ಸೇರಿದಾಗ ಅವನ ಒಂದು ಕಾಲಿನಲ್ಲಿ ಬೂಟು ಇರಲಿಲ್ಲ.

ಗುಡ್ಡದ ಕೆಳಗೆ ಮನೆ ಇರುವವರಿಗೆ ಹೇಳುತ್ತೇನೆ: ತೋಡಿನ ನೀರು ಇದ್ದಕ್ಕಿದ್ದಂತೆ ಕದಡಿದರೆ, ಒರತೆ ನಿಂತರೆ, ನೆಟ್ಟಗಿದ್ದ ಮರ ವಾಲಿದರೆ ಕಾಯಬೇಡಿ. ಹಾಸಿಗೆ ಹಿಡಿದವರನ್ನು ಮಳೆ ಜೋರಾಗುವ ಮುಂಚೆಯೇ ಸಾಗಿಸಿ. ಔಷಧಿ, ಪಹಣಿ, ಟಾರ್ಚು ಒಂದೇ ಚೀಲದಲ್ಲಿರಲಿ. ಹೊತ್ತೊಯ್ಯಲು ಬಂದವರ ಹತ್ತಿರ ವಾದ ಮಾಡಬೇಡಿ. ದನ ಬಿಚ್ಚಿ ಬರುತ್ತೇನೆಂದು ನಾನು ಅವರನ್ನು ಇಪ್ಪತ್ತು ನಿಮಿಷ ನಿಲ್ಲಿಸಿದ್ದೆ. ಆ ಇಪ್ಪತ್ತು ನಿಮಿಷ ಮುಂಚೆ ಹೊರಟಿದ್ದರೆ ಕಲ್ಲು ಉರುಳುವ ಹೊತ್ತಿಗೆ ಎಲ್ಲರೂ ದಡದಲ್ಲಿರುತ್ತಿದ್ದೆವು.

ಬೆನ್ನು ಬಾಗಿಸಿ ನಿಂತ ಆ ಸೈನಿಕನ ಹೆಸರು ನಾನು ಕೇಳಲಿಲ್ಲ. ಸುಂಟಿಕೊಪ್ಪದ ಪರಿಹಾರ ಕೇಂದ್ರದಲ್ಲಿ ಅವ್ವ ಮೊದಲು ಕೇಳಿದ್ದು ಮನೆಯ ಸುದ್ದಿಯನ್ನಲ್ಲ, ‘ಆ ಹುಡುಗನ ಭುಜ ಹೇಗಿದೆ?’ ಎಂದು.