ಗಾಲಿಯ ಸದ್ದು: ಕಾರಣವಿಚಾರದ ಒಂದು ಪಾಠ

ಕಾರ್ಯವಿದ್ದಲ್ಲಿ ಕಾರಣವಿರಲೇಬೇಕೆಂಬುದು ಶಾಸ್ತ್ರಸಮ್ಮತವೂ ಲೋಕಸಮ್ಮತವೂ ಆದ ಮಾತು. ಆದರೆ ಕಾರ್ಯವು ಒಂದೇ ಆಗಿದ್ದು, ಅದಕ್ಕೆ ಸಂಭವನೀಯ ಕಾರಣಗಳು ಹಲವಿದ್ದಾಗ, ನಿಜವಾದ ಕಾರಣ ಯಾವುದೆಂದು ಗೊತ್ತುಪಡಿಸುವುದು ಸುಲಭವಲ್ಲ. ಓಡುತ್ತಿರುವ ಕಾರಿನ ಗಾಲಿಯ ಕಡೆಯಿಂದ ಕೇಳಿಬರುವ ಅಪರಿಚಿತ ಸದ್ದು ಇಂತಹ ವಿಚಾರಕ್ಕೆ ಉತ್ತಮ ನಿದರ್ಶನ. ಅದನ್ನು ಕೇಳಿದ ಒಬ್ಬರು ಬೇರಿಂಗು ಹೋಗಿದೆ ಎನ್ನುತ್ತಾರೆ. ಇನ್ನೊಬ್ಬರು ಟಯರು ಸವೆದಿದೆ ಎನ್ನುತ್ತಾರೆ. ಮತ್ತೊಬ್ಬರು ಬ್ರೇಕಿನ ದೋಷವೆನ್ನುತ್ತಾರೆ. ಎಲ್ಲರ ಮಾತನ್ನೂ ನಂಬಿದ ಮಾಲೀಕನು ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹಣವನ್ನು ಕಳೆದುಕೊಳ್ಳುತ್ತಾನೆ. ಸದ್ದು ಮಾತ್ರ ಉಳಿದೇ ಇರುತ್ತದೆ. ಯಾರ ಮಾತನ್ನೂ ಕೇಳದವನು ರೇಡಿಯೋದ ದನಿಯನ್ನು ಏರಿಸಿ ಪಯಣವನ್ನು ಮುಂದುವರಿಸುತ್ತಾನೆ. ಮೊದಲನೆಯವನಿಗೆ ಧನನಷ್ಟ, ಎರಡನೆಯವನಿಗೆ ಪ್ರಾಣಭಯ. ಈ ಎರಡರಿಂದಲೂ ಪಾರಾಗುವ ಮಾರ್ಗವೆಂದರೆ ಕ್ರಮಬದ್ಧವಾದ ವಿಚಾರ. ಅದರ ಸ್ವರೂಪವನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಗಾಲಿಯ ಅಂಗಗಳು

ಗಾಲಿಯ ಸದ್ದಿಗೆ ಕಿವಿಗೊಡುವುದು ಕನ್ನಡ ನಾಡಿನ ರೈತನಿಗೆ ಹೊಸತಲ್ಲ. ಚಕ್ಕಡಿಯ ಗಾಲಿ ಕಿರುಗುಟ್ಟಿದರೆ ಅಚ್ಚಿನಲ್ಲಿ ಕೀಲೆಣ್ಣೆ ಒಣಗಿದೆಯೆಂದು ಅವನು ಬಲ್ಲನು. ಗಾಲಿಯು ಅತ್ತಿತ್ತ ಹೊಯ್ದಾಡಿದರೆ ಬಂಡಿಯನ್ನು ನಿಲ್ಲಿಸಿ, ಮೊದಲು ಕಡೆಗೀಲನ್ನು ನೋಡುತ್ತಾನೆ. ಕಡೆಗೀಲು ಬಿದ್ದುಹೋದ ಬಂಡಿಯ ಗತಿ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಮೋಟಾರು ವಾಹನದ ಗಾಲಿಯಲ್ಲಿ ಅಂಗಗಳು ಹೆಚ್ಚಾಗಿವೆ; ತತ್ತ್ವ ಬದಲಾಗಿಲ್ಲ. ಅಚ್ಚು ಮತ್ತು ಗಾಲಿಗಳ ನಡುವಿನ ಘರ್ಷಣೆಯನ್ನು ಕಡಿಮೆ ಮಾಡಲು ಉಕ್ಕಿನ ಗುಂಡುಗಳನ್ನು ಅಥವಾ ಉರುಳೆಗಳನ್ನು ಇರಿಸುವ ಏರ್ಪಾಡಿಗೆ ಬೇರಿಂಗು ಎಂದು ಹೆಸರು. ಬಂಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ವಿಧಾನಕ್ಕೆ 1794ರಲ್ಲಿ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತನು ಹಕ್ಕುಪತ್ರವನ್ನು ಪಡೆದನು. ಗಾಳಿ ತುಂಬಿದ ಟಯರಿಗೆ 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು ಹಕ್ಕುಪತ್ರ ಪಡೆದಿದ್ದರೂ, ಅದು ಬಳಕೆಗೆ ಬಂದುದು 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ರೂಪಿಸಿದ ಮೇಲೆ. ಇಂದಿನ ಕಾರಿನಲ್ಲಿ ಕಡೆಗೀಲಿನ ಕಾರ್ಯವನ್ನು ಪ್ರತಿ ಗಾಲಿಗೂ ಬಿಗಿದಿರುವ ನಾಲ್ಕೈದು ನಟ್ಟುಗಳು ನಿರ್ವಹಿಸುತ್ತವೆ. ಟಯರು, ಬೇರಿಂಗು, ನಟ್ಟು, ಬ್ರೇಕು ಇವು ನಾಲ್ಕೂ ಒಂದೇ ಸ್ಥಳದಲ್ಲಿ ಅಡಕವಾಗಿರುವುದರಿಂದ ಒಂದರ ಸದ್ದನ್ನು ಮತ್ತೊಂದರದೆಂದು ಭ್ರಮಿಸುವುದು ಸಹಜ. ಇದಲ್ಲದೆ ಸದ್ದು ವಾಹನದ ಲೋಹದ ಮೈಯಲ್ಲಿ ಹರಿದು ಬರುವುದರಿಂದ, ಹಿಂದಿನ ಗಾಲಿಯ ಸದ್ದು ಮುಂದಿನದರಂತೆ ಕೇಳಿಸುವುದೂ ಉಂಟು.

ಅನುಮಾನದ ರೀತಿ

ನ್ಯಾಯಸೂತ್ರಗಳ ಕರ್ತೃವಾದ ಗೌತಮನು ಅನುಮಾನವನ್ನು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ಮೂರಾಗಿ ವಿಭಾಗಿಸಿದ್ದಾನೆ. ಭಾಷ್ಯಕಾರನಾದ ವಾತ್ಸ್ಯಾಯನನು ಶೇಷವತ್ತನ್ನು ಎರಡು ರೀತಿಯಲ್ಲಿ ವಿವರಿಸುತ್ತಾನೆ. ತುಂಬಿ ರಭಸದಿಂದ ಹರಿಯುವ ಹೊಳೆಯನ್ನು ಕಂಡು ಮೇಲ್ಗಡೆ ಮಳೆಯಾಗಿದೆಯೆಂದು ತಿಳಿಯುವಂತೆ, ಕಾರ್ಯದಿಂದ ಕಾರಣವನ್ನು ಊಹಿಸುವುದು ಒಂದು. ಸಂಭವನೀಯವಾದವುಗಳನ್ನೆಲ್ಲ ಎಣಿಸಿ, ಸಲ್ಲದವುಗಳನ್ನು ನಿರಾಕರಿಸುತ್ತ ಬಂದು, ಉಳಿದುದನ್ನು ಗ್ರಹಿಸುವುದು ಇನ್ನೊಂದು. ಈ ಎರಡನೆಯದಕ್ಕೆ ಪರಿಶೇಷವೆಂದು ಹೆಸರು. ಭಾಷ್ಯಕಾರನು ಇದಕ್ಕೆ ಕೊಟ್ಟಿರುವ ಉದಾಹರಣೆಯೂ ಶಬ್ದವನ್ನೇ ಕುರಿತದ್ದು: ಶಬ್ದವು ದ್ರವ್ಯವೋ ಗುಣವೋ ಕರ್ಮವೋ ಎಂದು ಶಂಕಿಸಿ, ದ್ರವ್ಯವೂ ಅಲ್ಲ, ಕರ್ಮವೂ ಅಲ್ಲವೆಂದು ತೋರಿಸಿ, ಗುಣವೆಂದು ನಿಶ್ಚಯಿಸುತ್ತಾನೆ.

ಗಾಲಿಯ ಸದ್ದಿನ ವಿಚಾರದಲ್ಲಿ ಜನರು ಎಡವುವುದು ಹೇತುವಿನಲ್ಲಿ. ‘ಗುಂಯ್ ಎನ್ನುತ್ತಿದೆ, ಆದ್ದರಿಂದ ಬೇರಿಂಗು ಕೆಟ್ಟಿದೆ’ ಎಂಬುದು ತಾರ್ಕಿಕರು ಸವ್ಯಭಿಚಾರವೆಂದು ಕರೆಯುವ ಹೇತ್ವಾಭಾಸ. ಏಕೆಂದರೆ ಬೇರಿಂಗು ಸುಸ್ಥಿತಿಯಲ್ಲಿದ್ದು ಟಯರು ಏರುಪೇರಾಗಿ ಸವೆದಿದ್ದರೂ ಅದೇ ಗುಂಯ್‌ಗಾರ ಕೇಳಿಸುತ್ತದೆ. ಆದಕಾರಣ ಒಂದು ಲಕ್ಷಣವನ್ನು ಕೇಳಿದೊಡನೆ ತೀರ್ಪು ಕೊಡದೆ, ಅನ್ವಯ ವ್ಯತಿರೇಕಗಳಿಂದ ಪರೀಕ್ಷಿಸಬೇಕು. ಯಾವುದು ಇದ್ದರೆ ಸದ್ದು ಇರುವುದೋ, ಯಾವುದು ಇಲ್ಲದಿದ್ದರೆ ಸದ್ದು ಇಲ್ಲವಾಗುವುದೋ ಅದೇ ಕಾರಣ. ಈ ಪರೀಕ್ಷೆಯಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ.

ಪರೀಕ್ಷೆಯ ಕ್ರಮ

ಮೊದಲನೆಯದಾಗಿ, ಸದ್ದು ಎಂಜಿನಿನದೋ ಗಾಲಿಯದೋ ಎಂದು ವಿಂಗಡಿಸಬೇಕು. ಜನಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಅದೇ ವೇಗದಲ್ಲಿಯೇ ಗೇರನ್ನು ಬದಲಿಸಿ ನೋಡಿದರೆ, ಎಂಜಿನಿನ ತಿರುಗುವಿಕೆ ಬದಲಾಗುತ್ತದೆ, ಗಾಲಿಯದು ಬದಲಾಗುವುದಿಲ್ಲ. ಆಗ ಸದ್ದು ಮೊದಲಿನಂತೆಯೇ ಇದ್ದರೆ ಎಂಜಿನು ನಿರ್ದೋಷಿ.

ಎರಡನೆಯದು ಎಣಿಕೆ. ಟಯರಿನ ಹೊರವ್ಯಾಸ 60 ಸೆಂಟಿಮೀಟರು ಎಂದಿಟ್ಟುಕೊಂಡರೆ ಅದರ ಪರಿಧಿ ಸುಮಾರು 1.88 ಮೀಟರು. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 5.56 ಮೀಟರು ಸಾಗುತ್ತದೆ. ಗಾಲಿಯು ಸೆಕೆಂಡಿಗೆ ಮೂರು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ‘ಟಿಕ್ ಟಿಕ್’ ಎಂಬ ಸದ್ದು ಸೆಕೆಂಡಿಗೆ ಮೂರು ಬಾರಿ ಬಂದರೆ, ಸುತ್ತಿಗೊಮ್ಮೆ ನೆಲವನ್ನೋ ಮತ್ತೊಂದು ಭಾಗವನ್ನೋ ತಾಗುವ ವಸ್ತು ಗಾಲಿಯಲ್ಲಿದೆಯೆಂದು ತಿಳಿಯಬೇಕು. ಬಹುಮಟ್ಟಿಗೆ ಅದು ಟಯರಿನ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲು ಅಥವಾ ಮೊಳೆ. ಕಲ್ಲನ್ನು ಕಿತ್ತೆಸೆಯಬಹುದು. ಮೊಳೆಯನ್ನಾದರೋ ಪಂಕ್ಚರ್ ಅಂಗಡಿಯವರ ಎದುರಿನಲ್ಲಿಯೇ ಕೀಳಿಸಬೇಕು. ದಾರಿಯಲ್ಲಿ ಕಿತ್ತರೆ ಗಾಳಿಯೆಲ್ಲ ಹೋದೀತು.

ಮೂರನೆಯದು ರಸ್ತೆಯ ಪರೀಕ್ಷೆ. ಒರಟಾದ ರಸ್ತೆಯಿಂದ ನುಣುಪಾದ ಹೊಸ ಡಾಂಬರು ರಸ್ತೆಗೆ ಬಂದಾಗ ಸದ್ದಿನ ಸ್ವರೂಪ ಸ್ಪಷ್ಟವಾಗಿ ಬದಲಾದರೆ ಅದು ಟಯರಿನ ಕಡೆಗೆ ಬೆರಳು ತೋರಿಸುತ್ತದೆ. ಬೇರಿಂಗಿನ ಸದ್ದಿಗೆ ರಸ್ತೆಯ ಒರಟುತನದೊಡನೆ ಅಷ್ಟು ಸಂಬಂಧವಿಲ್ಲ.

ನಾಲ್ಕನೆಯದು ತಿರುವಿನ ಪರೀಕ್ಷೆ. ಕಾರು ಬಲಕ್ಕೆ ತಿರುಗುವಾಗ ಭಾರವು ಎಡಗಡೆಯ ಗಾಲಿಗಳ ಮೇಲೆ ಬೀಳುತ್ತದೆ. ಬಲಕ್ಕೆ ತಿರುಗಿದಾಗ ಗುಂಯ್‌ಗಾರ ಹೆಚ್ಚಿ, ಎಡಕ್ಕೆ ತಿರುಗಿದಾಗ ಕುಗ್ಗಿದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗು ದೋಷಿ. ಮುಂದಿನ ಗಾಲಿಗಳಿಂದ ಎಳೆಯಲ್ಪಡುವ ಕಾರಿನಲ್ಲಿ ಪೂರ್ತಿ ತಿರುವಿನಲ್ಲಿ ಮಾತ್ರ ‘ಕಟ ಕಟ’ ಎಂದರೆ ಶಕ್ತಿಯನ್ನು ಗಾಲಿಗೆ ಒಯ್ಯುವ ಅಚ್ಚಿನ ಕೀಲು ಸವೆದಿರಬಹುದು; ಅದನ್ನು ಮುಚ್ಚಿರುವ ರಬ್ಬರಿನ ಚೀಲ ಹರಿದು ಗ್ರೀಸು ಹೊರಬಂದಿದೆಯೇ ಎಂದು ನೋಡಬೇಕು.

ಐದನೆಯದು ಬ್ರೇಕಿನ ಪರೀಕ್ಷೆ. ಬ್ರೇಕನ್ನು ಮೆಲ್ಲನೆ ಒತ್ತಿದಾಗ ಸದ್ದು ಹುಟ್ಟಿದರೆ ಅಥವಾ ಅಡಗಿದರೆ ದೋಷ ಅಲ್ಲಿಯೇ ಇದೆ. ಎಷ್ಟೋ ಕಾರುಗಳ ಬ್ರೇಕ್ ಪ್ಯಾಡುಗಳಲ್ಲಿ, ಅವು ತೀರ ಸವೆದಾಗ ತಟ್ಟೆಗೆ ತಾಗಿ ಕೀಚಲು ದನಿ ಮಾಡುವ ಚಿಕ್ಕ ಉಕ್ಕಿನ ಪಟ್ಟಿಯನ್ನು ಬೇಕೆಂದೇ ಇಟ್ಟಿರುತ್ತಾರೆ. ಆ ಸದ್ದು ದೋಷವಲ್ಲ, ಎಚ್ಚರಿಕೆ.

ಕೊನೆಯದು ಪ್ರತ್ಯಕ್ಷ. ಉಳಿದ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿನಿಂದ ಎತ್ತಿ, ಭದ್ರವಾದ ಆಸರೆಯ ಮೇಲೆ ನಿಲ್ಲಿಸಿದ ನಂತರ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಸ್ಪ್ರಿಂಗಿನ ಮೇಲೆ ಇಟ್ಟ ಇನ್ನೊಂದು ಕೈಗೆ ಮರಳು ಅರೆದಂತಹ ನಡುಕ ತಾಗಿದರೆ ಬೇರಿಂಗು ಹಾಳಾಗಿದೆ. ಗಾಲಿಯ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲುಗಿಸಿದಾಗ ಸಡಿಲವೆನಿಸಿ, ಮತ್ತೊಬ್ಬರು ಬ್ರೇಕ್ ಒತ್ತಿದಾಗ ಆ ಸಡಿಲ ಮಾಯವಾದರೂ ಬೇರಿಂಗನ್ನೇ ಸಂಶಯಿಸಬೇಕು. ಜಾಕಿನ ಆಸರೆಯೊಂದನ್ನೇ ನಂಬಿ ಕಾರಿನ ಕೆಳಗೆ ಎಂದಿಗೂ ನುಸುಳಬಾರದು.

ಒಂದು ದೃಷ್ಟಾಂತ

ಒಂದು ಕಾರನ್ನು ಕಲ್ಪಿಸಿಕೊಳ್ಳಬಹುದು. ಗಂಟೆಗೆ 40 ಕಿಲೋಮೀಟರು ದಾಟಿದೊಡನೆ ಅದರಲ್ಲಿ ಗುಂಯ್‌ಗಾರ ಏಳುತ್ತದೆ. ಮಾಲೀಕನು ಮುಂದಿನ ಎರಡು ಬೇರಿಂಗುಗಳನ್ನೂ ಬದಲಾಯಿಸಿದ್ದಾನೆ; ಗುಣ ಕಂಡಿಲ್ಲ. ಗೇರು ಬದಲಿಸಿದರೆ ಸದ್ದು ಬದಲಾಗದು, ಎಂಜಿನು ನಿವಾರಿತವಾಯಿತು. ಬ್ರೇಕು ಒತ್ತಿದರೂ ಭೇದವಿಲ್ಲ, ಬ್ರೇಕು ನಿವಾರಿತವಾಯಿತು. ಎಡಬಲ ತಿರುವುಗಳಲ್ಲಿ ಏರಿಳಿತವಿಲ್ಲ. ಬೇರಿಂಗಿನ ಸಂಶಯ ದುರ್ಬಲವಾಯಿತು. ನುಣುಪಾದ ರಸ್ತೆಯಲ್ಲಿ ಸದ್ದು ಕುಗ್ಗುತ್ತದೆ. ಟಯರಿನ ಸಂಶಯ ಬಲಗೊಂಡಿತು. ಆಗ ಹಿಂದಿನ ಟಯರುಗಳನ್ನು ಅದೇ ಬದಿಯಲ್ಲಿ ಮುಂದಕ್ಕೂ, ಮುಂದಿನವುಗಳನ್ನು ಹಿಂದಕ್ಕೂ ಹಾಕಲಾಗಿ, ಹಿಂದಿನಿಂದ ಬರುತ್ತಿದ್ದ ಸದ್ದು ಮುಂದಿನಿಂದ ಬರತೊಡಗುತ್ತದೆ. ಆ ಟಯರುಗಳ ಮೇಲೆ ಅಂಗೈ ಆಡಿಸಿದರೆ ಒಂದು ದಿಕ್ಕಿಗೆ ನುಣುಪು, ಮತ್ತೊಂದು ದಿಕ್ಕಿಗೆ ಗರಗಸದ ಹಲ್ಲಿನಂತಹ ಒರಟು.

ಇದನ್ನು ಪಂಚಾವಯವ ವಾಕ್ಯದಲ್ಲಿ ಹೀಗೆ ಹೇಳಬಹುದು. ಈ ಸದ್ದು ಟಯರಿನಿಂದ ಹುಟ್ಟಿದ್ದು (ಪ್ರತಿಜ್ಞೆ). ಟಯರಿನೊಡನೆ ಸ್ಥಾನವನ್ನು ಬದಲಿಸುವುದರಿಂದ (ಹೇತು). ಯಾವ ಸದ್ದು ಯಾವ ಅಂಗದೊಡನೆ ಸ್ಥಾನ ಬದಲಿಸುವುದೋ ಅದು ಆ ಅಂಗದಿಂದ ಹುಟ್ಟಿದ್ದು, ಎತ್ತಿನೊಡನೆ ಸಾಗುವ ಗೆಜ್ಜೆಯ ಸದ್ದಿನಂತೆ (ಉದಾಹರಣೆ). ಈ ಸದ್ದೂ ಅಂತಹುದೇ (ಉಪನಯ). ಆದ್ದರಿಂದ ಇದು ಟಯರಿನಿಂದ ಹುಟ್ಟಿದ್ದು (ನಿಗಮನ).

ಇಷ್ಟಕ್ಕೆ ವಿಚಾರ ಮುಗಿಯದು. ಟಯರು ಹೀಗೆ ಸವೆಯಲು ಕಾರಣವೇನೆಂದೂ ಕೇಳಬೇಕು. ಗಾಲಿಗಳ ನೇರ ತಪ್ಪಿರುವುದು, ಶಾಕ್ ಅಬ್ಸಾರ್ಬರ್ ದುರ್ಬಲವಾಗಿರುವುದು, ಗಾಳಿಯ ಒತ್ತಡ ಸರಿಯಿಲ್ಲದಿರುವುದು ಇವು ಸಾಮಾನ್ಯ ಕಾರಣಗಳು. ಮೂಲವನ್ನು ಸರಿಪಡಿಸದೆ ಹೊಸ ಟಯರು ಹಾಕಿಸಿದರೆ, ಅದೂ ಕೆಲವು ತಿಂಗಳಲ್ಲಿ ಅದೇ ರಾಗವನ್ನು ಹಾಡುವುದು.

ವಿಳಂಬ ಸಲ್ಲದ ಸಂದರ್ಭಗಳು

ಎಲ್ಲ ಸದ್ದುಗಳಿಗೂ ಇಷ್ಟು ಸಾವಧಾನದ ಪರೀಕ್ಷೆ ಸಲ್ಲದು. ಗಾಲಿಯಿಂದ ‘ದಡ ದಡ’ ಸದ್ದು ಬಂದು ಸ್ಟಿಯರಿಂಗು ನಡುಗಿದರೆ ತಕ್ಷಣವೇ ನಿಲ್ಲಿಸಿ ನಟ್ಟುಗಳನ್ನು ನೋಡಬೇಕು. ಗಾಲಿಯನ್ನು ಬಿಚ್ಚಿ ಹಾಕಿದ ಮೇಲೆ ನಟ್ಟುಗಳನ್ನು ಒಂದರ ಪಕ್ಕದ ಒಂದನ್ನಲ್ಲದೆ ಎದುರುಬದುರಾಗಿ ಬಿಗಿದು, 50ರಿಂದ 100 ಕಿಲೋಮೀಟರು ಓಡಿದ ನಂತರ ಮತ್ತೊಮ್ಮೆ ಬಿಗಿತವನ್ನು ಪರೀಕ್ಷಿಸುವುದು ಒಳ್ಳೆಯದು. ಟಯರಿನ ಪಕ್ಕದಲ್ಲಿ ಬುಗುಟು ಎದ್ದಿದ್ದರೆ ಒಳಗಿನ ಎಳೆಗಳು ಹರಿದಿವೆಯೆಂದರ್ಥ. ಅದು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಬ್ರೇಕು ಒತ್ತಿದಾಗ ಲೋಹಕ್ಕೆ ಲೋಹ ಉಜ್ಜುವ ಸದ್ದಾದರೂ, ಒಂದು ಗಾಲಿಯ ನಡುಭಾಗ ಮಾತ್ರ ಉಳಿದವುಗಳಿಗಿಂತ ಬಹಳ ಕಾದು ಸುಟ್ಟ ವಾಸನೆ ಬಂದರೂ ಮುಂದೆ ಹೋಗಲಾಗದು. ಕಾರಿನ ಟಯರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಅದನ್ನು ಬಳಸುವುದು ಭಾರತದ ಮೋಟಾರು ವಾಹನ ನಿಯಮಗಳಿಗೂ ವಿರುದ್ಧ. ಮಳೆಗಾಲದಲ್ಲಿ ಗಾಲಿ ಮುಳುಗುವಷ್ಟು ನೀರನ್ನು ಹಾದುಬಂದ ಕಾರಿನ ಬೇರಿಂಗುಗಳಿಗೆ ಮುಂದಿನ ಕೆಲವು ವಾರ ಕಿವಿಗೊಟ್ಟಿರಬೇಕು. ಒಳಗೆ ಸೇರಿದ ನೀರು ಗ್ರೀಸನ್ನು ಕೆಡಿಸಿ ತುಕ್ಕನ್ನು ತರುತ್ತದೆ.

ವಿದ್ಯಾಸಂಸ್ಥೆ ಮತ್ತು ಈ ವಿಚಾರ

ಹನ್ನೆರಡನೆಯ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳುಗಳನ್ನು ಎಣಿಸಲಿಲ್ಲ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಎಂದು ಕಾಯಕದ ಹೆಸರಿನಿಂದಲೇ ಅವರು ಪ್ರಸಿದ್ಧರಾದರು. ಗ್ಯಾರೇಜಿನಲ್ಲಿ ಕರಿ ಬಳಿದುಕೊಂಡ ಕೈಯಿಂದ ಗಾಲಿಯನ್ನು ತಿರುಗಿಸಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಾನಿಸಿ ದೋಷವನ್ನು ಹಿಡಿಯುವ ಕೆಲಸಗಾರನು ಮಾಡುತ್ತಿರುವುದು ಶೇಷವತ್ ಅನುಮಾನವನ್ನೇ. ಅವನಿಗೆ ಅದರ ಹೆಸರು ತಿಳಿಯದಿರಬಹುದು. ಹೆಸರು ತಿಳಿದ ಅನೇಕರಿಗೆ ಅದರ ಪ್ರಯೋಗ ತಿಳಿಯದು. ಶಾಲೆಯು ಇವರಿಬ್ಬರನ್ನೂ ಒಂದೆಡೆ ಕೂಡಿಸಬಲ್ಲುದು. ಅಂತಹ ಒಬ್ಬ ಅನುಭವಿಯನ್ನು ವರ್ಷಕ್ಕೊಮ್ಮೆ ತರಗತಿಗೆ ಬರಮಾಡಿಕೊಂಡರೆ ವಿಜ್ಞಾನ, ಗಣಿತ, ತರ್ಕ ಮೂರೂ ಒಂದೇ ಗಾಲಿಯ ಸುತ್ತ ಸಾಗುವುವು.

ಇದರಲ್ಲಿ ಆಡಳಿತದವರ ಪಾಲೂ ಇದೆ. ಮಕ್ಕಳನ್ನು ಕರೆತರುವ ವಾಹನದ ಸದ್ದನ್ನು ಮೊದಲು ಕೇಳುವವನು ಚಾಲಕ. ಆದರೆ ಅವನ ಮಾತಿಗೆ ಎಲ್ಲರಿಗಿಂತ ಕೊನೆಯಲ್ಲಿ ಕಿವಿಗೊಡುವುದು ಲೋಕರೂಢಿಯಾಗಿದೆ. ಪ್ರತಿ ವಾಹನದಲ್ಲಿಯೂ ಒಂದು ಪುಸ್ತಕವನ್ನಿಟ್ಟು, ಸದ್ದು ಕೇಳಿದ ದಿನ, ವೇಗ, ರಸ್ತೆ, ತಿರುವು, ಬ್ರೇಕು ಇಷ್ಟನ್ನು ಚಾಲಕನಿಂದ ಬರೆಸಿ, ವಾರಕ್ಕೊಮ್ಮೆ ಮುಖ್ಯಸ್ಥರು ಅದಕ್ಕೆ ರುಜು ಹಾಕುವ ಪದ್ಧತಿ ಎಲ್ಲ ಶಾಲೆಗಳಲ್ಲಿಯೂ ಬರಬೇಕು. ವಾಹನವನ್ನು ದಾನವಾಗಿ ಕೊಡುವುದು ದೊಡ್ಡ ಕೆಲಸ. ಅದರ ಟಯರಿಗೂ ಬೇರಿಂಗಿಗೂ ವರ್ಷವರ್ಷವೂ ಬೇಕಾಗುವ ಹಣವನ್ನು ಒದಗಿಸುವುದು, ಯಾರ ಕಣ್ಣಿಗೂ ಬೀಳದಿದ್ದರೂ, ಅದಕ್ಕಿಂತ ಚಿಕ್ಕ ಕೆಲಸವಲ್ಲ. ಹೊಸ ವಾಹನದ ಮೇಲೆ ದಾನಿಯ ಹೆಸರು ಉಳಿಯುತ್ತದೆ. ಸಕಾಲದಲ್ಲಿ ಬಿಗಿದ ಒಂದು ನಟ್ಟಿನಿಂದ ಮಕ್ಕಳು ಸಂಜೆ ಮನೆಗೆ ತಲುಪುತ್ತಾರೆ.